ದೇವರಿಲ್ಲದ ಬೆಟ್ಟ

ಭಾನುವಾರ ನಾವು ಬೆಟ್ಟ ಹತ್ತಲಿಲ್ಲ. ಅಂದು ನೆತ್ತಿಗೇರಿದ ಸಿಟ್ಟು ಮಾತ್ರ ಬುಧವಾರವಾದರೂ ಇಳಿದಿಲ್ಲ.

ನಮ್ಮ ಬೋಸ್ಟನ್ನಿನಿಂದ ಒಂದೂವರೆ ಗಂಟೆಯ ದಾರಿ, ನ್ಯೂ ಹ್ಯಾಂಪ್‌ಷೈರಿನ ಮೊನಾಡ್‌ನಾಕ್. ಎತ್ತರ 3,165 ಅಡಿ. ಅಕ್ಟೋಬರಿನಲ್ಲಿ ಎಲೆಗಳು ಕೆಂಪಾದವೆಂದರೆ ಊರಿಗೆ ಊರೇ ಅದರ ಮೈಮೇಲಿರುತ್ತದೆ. ಹಾಗಾಗಿ ಕಾರು ನಿಲ್ಲಿಸಲು 15 ಡಾಲರ್ ಕಟ್ಟಿ ಮೊದಲೇ ಜಾಗ ಕಾದಿರಿಸಿಕೊಳ್ಳಬೇಕು.

ನಮ್ಮ ಯಜಮಾನರು ಮನೆಗೊಂದು ಯೋಜನಾ ಆಯೋಗ. ಮೂರು ವಾರ ರಾತ್ರಿ ಎಕ್ಸೆಲ್ ಮುಂದೆ ಕೂತರು. 6:10ಕ್ಕೆ ಕಾಫಿ. ವೈಟ್ ಡಾಟ್ ದಾರಿಯಲ್ಲಿ ಹತ್ತುವುದು, ವೈಟ್ ಕ್ರಾಸ್‌ನಲ್ಲಿ ಇಳಿಯುವುದು. ತುದಿಯಲ್ಲಿ ಚಿತ್ರಾನ್ನ, 12:05ರಿಂದ 12:25. ದೃಶ್ಯ ಸವಿಯುವುದು, 10 ನಿಮಿಷ. ಅಕಸ್ಮಾತ್, 15 ನಿಮಿಷ.

“ರೀ, ಅಕಸ್ಮಾತ್ತಿಗೂ ಯಾರಾದರೂ ಮುಹೂರ್ತ ಇಡುತ್ತಾರೆಯೇ?”

“ಇಡದೇ ಇರುವುದಕ್ಕೇ ಕಣೇ, ನಿನ್ನ ಒಂದು ಕೆಲಸವೂ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ.”

ಬೆಳಗಾದರೆ ಫ್ರಿಜ್ಜಿನ ಬಾಗಿಲ ಮೇಲೆ ಹೊಸ ಆವೃತ್ತಿ. ಏಳನೆಯದಕ್ಕೆ ಬಣ್ಣವೂ ಬಂತು. ಅಷ್ಟು ತಿದ್ದುಪಡಿಗಳಲ್ಲೂ ಬದಲಾಗದೆ ಉಳಿದದ್ದು ನನ್ನ ಹೆಸರಿನ ಮುಂದಿನ ಎರಡು ಪದ: ‘ಅಡುಗೆ, ಇತರೆ’.

ಮೈಸೂರಿನಿಂದ ಬಂದಿರುವ ಅಪ್ಪನ ಸಂದೇಹವೇ ಬೇರೆ. “ಮೇಲೆ ಯಾವ ದೇವರಮ್ಮಾ?”

“ದೇವರಿಲ್ಲಪ್ಪ, ಬರೀ ಬಂಡೆ. ಇನ್ನೂರು ವರ್ಷಗಳ ಹಿಂದೆ ರೈತರು ತೋಳ ಓಡಿಸಲು ಬೆಂಕಿಯಿಟ್ಟು ತುದಿ ಬೋಳಾಯಿತಂತೆ.”

“ದೇವರೂ ಇಲ್ಲ, ತೋಳವೂ ಇಲ್ಲ. ಮತ್ತೆ ಹದಿನೈದು ಡಾಲರ್ ಯಾರಿಗೆ?” ಆಮೇಲೆ ಮೊಬೈಲಿನಲ್ಲಿ ಹುಡುಕಿ, ನಮ್ಮ ಚಾಮುಂಡಿ ಬೆಟ್ಟವೇ ಇದಕ್ಕಿಂತ ಎತ್ತರವೆಂದು ಸಾರಿದರು. ಮೈಸೂರು ಊರೇ ಎರಡೂವರೆ ಸಾವಿರ ಅಡಿ ಎತ್ತರದಲ್ಲಿದೆ ಎಂಬುದನ್ನು ಜಾಣತನದಿಂದ ನುಂಗಿಕೊಂಡರು.

ಭಾನುವಾರ ವೇಳಾಪಟ್ಟಿಗಿಂತ ನಾಲ್ಕು ನಿಮಿಷ ಮುಂಚೆಯೇ ಗೇಟು ಮುಟ್ಟಿದೆವು. ಯಜಮಾನರ ಮುಖದಲ್ಲಿ ಪರೀಕ್ಷೆಗೆ ಮೊದಲು ಬಂದವನ ಕಳೆ. ಗೇಟಿನ ಹುಡುಗಿ ಮೊಬೈಲ್ ನೋಡಿ, “ಇದು ನಿನ್ನೆಯದು” ಎಂದಳು.

ಮೂರನೇ ಆವೃತ್ತಿಯವರೆಗೂ ಶನಿವಾರವೇ ಇತ್ತು. ಮಳೆಯ ಮುನ್ಸೂಚನೆ ನೋಡಿ ನಾಲ್ಕರಲ್ಲಿ ಭಾನುವಾರಕ್ಕೆ ಸರಿಸಿದ್ದರು. ಕಾಫಿ ಸರಿಯಿತು, ಚಿತ್ರಾನ್ನ ಸರಿಯಿತು, ಅಕಸ್ಮಾತ್ತೂ ಸರಿಯಿತು. ಕಾದಿರಿಸಿದ ಜಾಗಕ್ಕೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಒಳಗೆ ಒಂದು ಸೈಕಲ್ಲಿಗೂ ಎಡೆಯಿರಲಿಲ್ಲ. ಶನಿವಾರ ಮಳೆಯೂ ಬಂದಿರಲಿಲ್ಲ, ಅದು ಬೇರೆ ಮಾತು. ಬೇರೆ ಮಾತಲ್ಲ, ಇಡೀ ದಾರಿ ನಾನು ಆಡಿದ್ದು ಅದೊಂದೇ ಮಾತು.

ಎರಡು ಮೈಲಿ ಹಿಂದಕ್ಕೆ ಬಂದು, ರಸ್ತೆ ಬದಿಯಲ್ಲಿ ಡಿಕ್ಕಿ ತೆರೆದು ಡಬ್ಬಿ ಬಿಚ್ಚಿದೆ. ಮರಗಳ ಸಂದಿನಲ್ಲಿ ಬೆಟ್ಟದ ಬೋಳು ನೆತ್ತಿ ಕಾಣುತ್ತಿತ್ತು. ಅಪ್ಪ ತಟ್ಟೆ ಹಿಡಿದು ಅದನ್ನೇ ನೋಡುತ್ತಿದ್ದರು. “ನಿಮ್ಮಮ್ಮ ಆಷಾಢದಲ್ಲಿ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಟ್ಟು ಹತ್ತುತ್ತಿದ್ದಳು. ನಾನು ಬಸ್ಸಿನಲ್ಲಿ ಹೋಗಿ ಮೇಲೆ ಕಾಯುತ್ತಿದ್ದೆ” ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಪ್ಪ ತಟ್ಟೆ ಕೆಳಗಿಟ್ಟು ಬಂಡೆಗೆ ಕೈ ಮುಗಿದರು.

ಯಜಮಾನರು ಜೇಬಿನಿಂದ ಹಾಳೆ ತೆಗೆದು, 12:05 ಹೊಡೆದುಹಾಕಿ, ಚಿತ್ರಾನ್ನದ ಮುಂದೆ 9:20 ಎಂದು ಬರೆದರು.