ಮಿಚಿಗನ್‌ಗೆ ಈ ಸಲ ಒಂಬತ್ತು ಗೆಲುವು: ನನ್ನ ಲೆಕ್ಕ

(2024ರ ಆಗಸ್ಟ್‌ನಲ್ಲಿ ಬರೆದದ್ದು.) ನಮ್ಮ ಮಿಚಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಸೀಸನ್ ಶುರುವಾಗುವ ಆಗಸ್ಟ್ 31ಕ್ಕೆ ಇನ್ನು ಎರಡೇ ವಾರ. ಆನ್ ಆರ್ಬರ್‌ನಲ್ಲಿ ಯಾರನ್ನು ಮಾತಾಡಿಸಿದರೂ ಒಂದೇ ಪ್ರಶ್ನೆ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಯಾರು? ಡೇವಿಸ್ ವಾರೆನ್ನಾ, ಅಲೆಕ್ಸ್ ಓರ್ಜಿನಾ? ಕಾಫಿ ಅಂಗಡಿಯಲ್ಲೂ ಅದೇ, ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲೂ ಅದೇ. ನನ್ನ ನಿದ್ದೆ ಕೆಡಿಸಿರುವುದು ಬೇರೆ. ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆಯ ಹಾಗೆ ನಿಲ್ಲುವ ಐದು ಜನ ಇರ್ತಾರಲ್ಲ, ಲೈನ್ ಅಂತಾರೆ, ಆ ಐವರೂ ಹೋಗಿಬಿಟ್ಟರು.

ಊರಲ್ಲಿರುವ ಗೆಳೆಯರಿಗೆ ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಕಳೆದ ಜನವರಿ 8ರಂದು ಹ್ಯೂಸ್ಟನ್‌ನಲ್ಲಿ ಮಿಚಿಗನ್ ತಂಡ ವಾಷಿಂಗ್ಟನ್ ತಂಡವನ್ನು 34-13ರಿಂದ ಸೋಲಿಸಿ ಚಾಂಪಿಯನ್ ಆಯ್ತು. ಆಡಿದ್ದು 15, ಗೆದ್ದಿದ್ದು 15. 1997ರ ನಂತರ ಇದೇ ಮೊದಲು. ತಿಂಗಳು ಮುಗಿಯುವುದರೊಳಗೆ ಕೋಚ್ ಜಿಮ್ ಹಾರ್ಬಾ ವೃತ್ತಿಪರ ತಂಡವಾದ ಲಾಸ್ ಏಂಜಲೀಸ್ ಚಾರ್ಜರ್ಸ್‌ಗೆ ಹೊರಟರು. ಏಪ್ರಿಲ್‌ನಲ್ಲಿ ಪಕ್ಕದ ಡೆಟ್ರಾಯಿಟ್‌ನಲ್ಲೇ ನಡೆದ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ, ನಮ್ಮ 13 ಹುಡುಗರು ಆಯ್ಕೆಯಾದರು. ಒಂದೊಂದು ಹೆಸರು ಕೂಗಿದಾಗಲೂ ಚಪ್ಪಾಳೆ ತಟ್ಟಿದೆ, ಒಳಗೊಳಗೇ ಸಂಕಟವೂ ಆಯ್ತು.

ಆ ಐವರಲ್ಲಿ ಒಬ್ಬ ಜ್ಯಾಕ್ ಜಿಂಟರ್. ಕಳೆದ ನವೆಂಬರ್‌ನಲ್ಲಿ ಒಹಾಯೋ ಸ್ಟೇಟ್ ವಿರುದ್ಧ ಅವನ ಕಾಲು ಮುರಿದಾಗ ನಾನು ಕ್ರೀಡಾಂಗಣದಲ್ಲೇ ಇದ್ದೆ. ಲಕ್ಷಕ್ಕೂ ಜಾಸ್ತಿ ಜನ, ಒಂದು ಸದ್ದಿಲ್ಲ. ಪಕ್ಕದಲ್ಲಿದ್ದ ಅಜ್ಜ ಟೋಪಿ ತೆಗೆದು ಎದೆಗೆ ಒತ್ತಿಕೊಂಡಿದ್ದರು. ಅವನನ್ನು ಗಾಡಿಯಲ್ಲಿ ಕರೆದೊಯ್ದ ಮೇಲೆ, ಮರುಕ್ಷಣದ ಆಟದಲ್ಲೇ ನಮ್ಮ ಬ್ಲೇಕ್ ಕೋರಮ್ 22 ಗಜ ಓಡಿ, ಎದುರಾಳಿಯ ಗೆರೆ ದಾಟಿ ಟಚ್‌ಡೌನ್ ಮಾಡಿದ. ಬೆರಳುಗಳಲ್ಲೇ ಆರು, ಐದು ಅಂತ ತೋರಿಸಿದ. 65 ಜಿಂಟರ್‌ನ ನಂಬರು. ನನಗೆ ಕಣ್ಣೀರು ತಡೆಯಲಾಗಲಿಲ್ಲ.

ಅಂಥ ಲೈನ್ ಒಂದು ಬೇಸಿಗೆಯಲ್ಲಿ ತಯಾರಾಗುವುದಿಲ್ಲ. ಐವರೂ ಒಟ್ಟಿಗೆ ಆಡಿ ಆಡಿ, ಯಾರು ಯಾವ ಕಡೆ ವಾಲುತ್ತಾರೆ ಅಂತ ನೋಡದೆಯೇ ಗೊತ್ತಾಗಬೇಕು. ಅದಕ್ಕೇ ಮೊದಲ ಮೂರು ನಾಲ್ಕು ವಾರ ತೊಂದರೆ ಖಂಡಿತ ಅನ್ನಿಸುತ್ತೆ. ಆದರೂ ನನಗೆ ನಂಬಿಕೆ ಇದೆ. ಹೊಸ ಮುಖ್ಯ ಕೋಚ್ ಶೆರೋನ್ ಮೂರ್ ಲೈನ್ ಕೋಚ್ ಆಗಿ ಬೆಳೆದವರು. ದೇಶದ ಅತ್ಯುತ್ತಮ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿಯನ್ನು ಅವರ ಹುಡುಗರು 2021, 2022 ಎರಡೂ ವರ್ಷ ತಂದರು. ಕಳೆದ ವರ್ಷ ಹಾರ್ಬಾ ಅಮಾನತಿನಲ್ಲಿದ್ದಾಗ ಪೆನ್ ಸ್ಟೇಟ್ ವಿರುದ್ಧ ತಂಡ ನಡೆಸಿದ್ದೂ ಇವರೇ. ಸತತ 32 ಸಲ ಚೆಂಡನ್ನು ಎಸೆಯದೆ, ಹಿಡಿದು ಓಡಿಸಿಯೇ ಆಡಿಸಿ 24-15ರಿಂದ ಗೆದ್ದರು. ಎಂಥ ಧೈರ್ಯ ಬೇಕು ಅದಕ್ಕೆ! ಈಗ ಲೈನ್ ಕೋಚ್ ಆಗಿರುವ ಗ್ರಾಂಟ್ ನ್ಯೂಸಮ್ ಇದೇ ತಂಡದಲ್ಲಿ, ಇದೇ ಜಾಗದಲ್ಲಿ ಆಡಿ, 2016ರಲ್ಲಿ ಕಾಲಿಗೆ ಪೆಟ್ಟಾಗಿ ಆಟವನ್ನೇ ಬಿಡಬೇಕಾಗಿ ಬಂದವರು. ಇಂಥವರ ಕೈಗೆ ಹುಡುಗರನ್ನು ಒಪ್ಪಿಸಿದರೆ ಅಕ್ಟೋಬರ್ ಹೊತ್ತಿಗೆ ಗೋಡೆ ಎದ್ದೇ ಏಳುತ್ತೆ.

ಕ್ವಾರ್ಟರ್‌ಬ್ಯಾಕ್ ವಿಷಯಕ್ಕೆ ಬಂದರೆ, ಓರ್ಜಿ ಓಡ್ತಾನೆ, ವಾರೆನ್ ಎಸೀತಾನೆ. ವಾರೆನ್ ಹೈಸ್ಕೂಲಿನಲ್ಲೇ ರಕ್ತದ ಕ್ಯಾನ್ಸರ್ ಗೆದ್ದು ಬಂದವನು. ನನ್ನ ಮನಸ್ಸು ಅವನ ಕಡೆಗೇ. ಆದರೆ ಇಬ್ಬರಲ್ಲಿ ಯಾರೂ ಕಳೆದ ವರ್ಷದ ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿ ಅಲ್ಲ. ಚೆಂಡನ್ನು ಎದುರಾಳಿಗೆ ಕೊಡದೆ, ಚೆಂಡು ಹಿಡಿಯುವುದರಲ್ಲಿ ಪಳಗಿದ ಕೋಲ್ಸ್ಟನ್ ಲವ್‌ಲ್ಯಾಂಡ್ ಕೈಗೆ ಹಾಕಿದರೆ ಸಾಕು.

ಡಿಫೆನ್ಸ್ ಬಗ್ಗೆ ಮಾತ್ರ ನನಗೆ ಒಂದು ಚೂರೂ ಭಯವಿಲ್ಲ. ಮೇಸನ್ ಗ್ರಹಾಮ್, ಕೆನೆತ್ ಗ್ರಾಂಟ್, ವಿಲ್ ಜಾನ್ಸನ್ ಮೂವರೂ ಇದ್ದಾರೆ. ಈ ಗ್ರಾಂಟ್ 150 ಕಿಲೋ ಮೇಲಿರುವ ಆಳು. ಪೆನ್ ಸ್ಟೇಟ್ ಆಟಗಾರ ಚೆಂಡು ಹಿಡಿದು ಓಡಿಹೋಗುತ್ತಿದ್ದಾಗ ಹಿಂದಿನಿಂದ ಓಡಿ ಹಿಡಿದು ಕೆಡವಿದ. ಆ ಮೈಯಲ್ಲಿ ಆ ವೇಗ ಎಲ್ಲಿಂದ ಬಂತೋ! ಎದುರಾಳಿಗಳು 20 ಪಾಯಿಂಟ್ ದಾಟುವುದು ಕಷ್ಟವಿದೆ.

ಇನ್ನು ವೇಳಾಪಟ್ಟಿ. ತಂಡಕ್ಕೆ ದೇಶದಲ್ಲಿ ಒಂಬತ್ತನೇ ರ‍್ಯಾಂಕ್ ಕೊಟ್ಟಿದ್ದಾರೆ. ಆದರೆ ಎರಡನೇ ರ‍್ಯಾಂಕಿನ ಒಹಾಯೋ ಸ್ಟೇಟ್, ಮೂರನೆಯ ಒರೆಗಾನ್, ನಾಲ್ಕನೆಯ ಟೆಕ್ಸಸ್ ಮೂವರ ಜೊತೆಗೂ ಆಡಬೇಕು. ನಡುವೆ ಸದರ್ನ್ ಕ್ಯಾಲಿಫೋರ್ನಿಯಾದ ಯುಎಸ್‌ಸಿ ತಂಡ ಬೇರೆ. ಟೆಕ್ಸಸ್ ಬೇಗ ಬಂತು, ಗೋಡೆಯ ಸಿಮೆಂಟು ಒಣಗಿರುವುದಿಲ್ಲ, ಸೋಲ್ತೀವಿ ಅನ್ನಿಸುತ್ತೆ. ಒರೆಗಾನ್ ಕೂಡ ಕಷ್ಟ. ಹೊರಗಿನ ಪಂದ್ಯಗಳಲ್ಲಿ ಒಂದು ಕೈ ತಪ್ಪಬಹುದು. ಒಟ್ಟು 9-3. ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ಗೆ ಈ ವರ್ಷದಿಂದ 12 ತಂಡ, ಹಾಗಾಗಿ ಬಾಗಿಲವರೆಗಂತೂ ಹೋಗ್ತೀವಿ.

ನವೆಂಬರ್ 30ರಂದು ಕೊಲಂಬಸ್‌ನಲ್ಲಿ ಒಹಾಯೋ ಸ್ಟೇಟ್ ಜೊತೆಗಿನ ಪಂದ್ಯವನ್ನು ನಾನು ಗೆಲುವಿನ ಕಡೆಗೇ ಬರೆದಿದ್ದೇನೆ. ಒಹಾಯೋದವರು ಅಲಬಾಮಾದಿಂದ ಕೇಲೆಬ್ ಡೌನ್ಸ್, ಓಲ್ ಮಿಸ್‌ನಿಂದ ಕ್ವಿನ್‌ಶಾನ್ ಜಡ್ಕಿನ್ಸ್‌ನನ್ನು ಕರೆತಂದಿದ್ದಾರೆ, ಗೊತ್ತು. ಆದರೆ 2021ರಿಂದ ಸತತ ಮೂರು ಸಲ ಅವರನ್ನು ಮಣಿಸಿದ್ದು ಲೈನ್ ಬಲದಿಂದಲೇ. ನವೆಂಬರ್ ಕೊನೆಗೆ ನಮ್ಮ ಲೈನ್ ಸಿದ್ಧವಾಗಿರುತ್ತೆ.

ಟೆಕ್ಸಸ್ ಪಂದ್ಯ ಸೆಪ್ಟೆಂಬರ್ 7, ಶನಿವಾರ ಮಧ್ಯಾಹ್ನ 12ಕ್ಕೆ. ಅವತ್ತೇ ಗಣೇಶ ಚೌತಿ. ಮನೆಯಲ್ಲಿ ಹೇಳೋಕೆ ಹಿಂಜರಿಯುತ್ತಿದ್ದೆ. ಅವಳೇ ಕ್ಯಾಲೆಂಡರ್ ನೋಡಿ, "ರೀ, ಐದಕ್ಕೇ ಎದ್ದು ಪೂಜೆ ಮುಗಿಸೋಣ. ಕಡುಬು ಡಬ್ಬಿಗೆ ಹಾಕ್ತೀನಿ, ಅಲ್ಲೇ ಎಲ್ಲರಿಗೂ ಹಂಚೋಣ" ಅಂದಳು. ಒಂಬತ್ತೂವರೆಗೆ ಪಯೋನಿಯರ್ ಹೈಸ್ಕೂಲ್ ಪಾರ್ಕಿಂಗ್‌ನಲ್ಲಿ ಇರ್ತೀವಿ. ಬರುವವರು ಮೊದಲೇ ಹೇಳಿ, ಎಷ್ಟು ಕಡುಬು ಮಾಡಬೇಕು ಅಂತ ಅವಳು ಕೇಳ್ತಿದ್ದಾಳೆ.