ಟೈರ್ ಸುಟ್ಟ ಮರುದಿನ

ಈಚೆಗೆ ನಮ್ಮ ಬಡಾವಣೆಯ ವೃತ್ತದಲ್ಲಿ ಪ್ರತಿಭಟನೆ ನಡೆಯಿತು. ಬೇಡಿಕೆ ನ್ಯಾಯವಾದದ್ದೇ. ನಾನೂ ಸ್ವಲ್ಪ ಹೊತ್ತು ನಿಂತು ಘೋಷಣೆಗೆ ದನಿಗೂಡಿಸಿ ಬಂದೆ. ಸಂಜೆಯ ಹೊತ್ತಿಗೆ ಯಾರೋ ನಾಲ್ಕು ಹಳೆಯ ಟೈರ್ ತಂದು ನಡುರಸ್ತೆಯಲ್ಲಿ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದರು.

ಮರುದಿನ ಬೆಳಗ್ಗೆ ಹಾಲು ತರಲು ಹೋದಾಗ ಪೌರಕಾರ್ಮಿಕ ಮಹಿಳೆಯೊಬ್ಬರು ಅದೇ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ರಬ್ಬರ್ ಸುಟ್ಟು ಬೂದಿಯಾದರೂ ಟೈರಿನೊಳಗಿನ ಉಕ್ಕಿನ ತಂತಿ ಸುಡುವುದಿಲ್ಲ. ಅದು ಕರಗಿದ ಡಾಂಬರಿನಲ್ಲಿ ಹೂತು, ರಾತ್ರಿ ಕಳೆಯುವುದರೊಳಗೆ ಗಟ್ಟಿಯಾಗಿತ್ತು. ಪೊರಕೆಗೆ ಬರುವಂಥದ್ದಲ್ಲ. ಅವರು ಕಬ್ಬಿಣದ ಸಲಾಕೆಯಿಂದ ಮೀಟಿ ಒಂದೊಂದೇ ಎಳೆಯನ್ನು ಬರಿಗೈಯಲ್ಲಿ ಕೀಳುತ್ತಿದ್ದರು. ‘ಹೀಗೇ ಬಿಟ್ಟರೆ ಗಾಡಿಗಳಿಗೆ ಚುಚ್ಚುತ್ತದೆ ಅಣ್ಣ’ ಎಂದರು. ಬೆರಳ ತುದಿಯಲ್ಲಿ ರಕ್ತವಿತ್ತು.

ಟೈರ್ ಸುಡುವುದನ್ನು ನಾವು ಅಪರಾಧವೆಂದು ಎಣಿಸುವುದನ್ನೇ ಬಿಟ್ಟಿದ್ದೇವೆ. ಧರಣಿಗೆ ಶಾಮಿಯಾನ ಹಾಕಿದಷ್ಟೇ ಸಹಜ ಎಂಬಂತಾಗಿದೆ. ಆದರೆ 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿದ್ದವರು ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದಾರೆ. ಸೆಪ್ಟೆಂಬರ್ 20ರವರೆಗೆ ದಿನಕ್ಕೆ 12,000 ಕ್ಯೂಸೆಕ್ ಕಾವೇರಿ ನೀರನ್ನು ತಮಿಳುನಾಡಿಗೆ ಬಿಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ ದಿನ ಅದು. ಡಿಸೋಜಾ ನಗರದ ಡಿಪೊದಲ್ಲಿ ನಿಂತಿದ್ದ, ತಮಿಳುನಾಡು ಮೂಲದ ಖಾಸಗಿ ಬಸ್ ಸಂಸ್ಥೆ ಕೆಪಿಎನ್‌ನ ನಲವತ್ತಕ್ಕೂ ಹೆಚ್ಚು ಬಸ್ಸುಗಳು ಸಾಲಾಗಿ ಸುಟ್ಟುಹೋದವು. ಮೈಸೂರು ರಸ್ತೆಯಲ್ಲಿ ನಡೆದು ಮನೆ ಸೇರಿದ ನನಗೆ ಆ ಹೊಗೆಯ ವಾಸನೆ ಇನ್ನೂ ನೆನಪಿದೆ. ಕಾವೇರಿ ನಮ್ಮದು, ಹೋರಾಟವೂ ನಮ್ಮದು, ಅದರಲ್ಲಿ ಎರಡು ಮಾತಿಲ್ಲ. ಆ ಬೆಂಕಿಯಿಂದ ಒಂದು ಹನಿ ನೀರೂ ಉಳಿಯಲಿಲ್ಲ.

ಇಂಥ ಪ್ರತಿ ಘಟನೆಯ ನಂತರ ಕಾನೂನು ಇನ್ನಷ್ಟು ಬಿಗಿಯಾಗಬೇಕು ಎಂಬ ಕೂಗು ಏಳುತ್ತದೆ. ಇರುವ ಕಾನೂನೇ ಸಾಕಷ್ಟು ಬಿಗಿಯಾಗಿದೆ. 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಬೆಂಕಿ ಹಚ್ಚಿ ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದರೆ ಒಂದು ವರ್ಷದಿಂದ ಹತ್ತು ವರ್ಷದವರೆಗೆ ಕಠಿಣ ಸಜೆ. ವಿಶೇಷ ಕಾರಣವನ್ನು ತೀರ್ಪಿನಲ್ಲಿ ಬರೆಯದೆ ನ್ಯಾಯಾಧೀಶರೂ ಒಂದು ವರ್ಷಕ್ಕಿಂತ ಕಡಿಮೆ ಮಾಡುವಂತಿಲ್ಲ. ಖಾಸಗಿ ವಾಹನ ಸುಟ್ಟವರಿಗೆ ಭಾರತೀಯ ನ್ಯಾಯ ಸಂಹಿತೆಯ 326ನೇ ಸೆಕ್ಷನ್‌ನಡಿ ಏಳು ವರ್ಷದವರೆಗೆ ಜೈಲು. ಡಾಂಬರು ರಸ್ತೆಯೂ ಸಾರ್ವಜನಿಕ ಆಸ್ತಿಯೇ ಅಲ್ಲವೇ? ನಮ್ಮ ವೃತ್ತದಲ್ಲಿ ಈಗ ಆ ಜಾಗದ ಡಾಂಬರು ಕಿತ್ತು ಜಲ್ಲಿ ಮೇಲೆದ್ದಿದೆ.

ಶಿಕ್ಷೆ ಪುಸ್ತಕದಲ್ಲೇ ಉಳಿಯುತ್ತದೆ, ನನ್ನ ಸಿಟ್ಟು ಅದರ ಮೇಲೆ. ಪ್ರಕರಣ ದಾಖಲಾಗುತ್ತದೆ, ವರ್ಷಗಟ್ಟಲೆ ಎಳೆಯುತ್ತದೆ, ಕೊನೆಗೆ ‘ಹೋರಾಟಗಾರರ ಮೇಲಿನ ಮೊಕದ್ದಮೆ’ ಎಂಬ ಹೆಸರಿನಲ್ಲಿ ಸರ್ಕಾರವೇ ಹಿಂಪಡೆಯಲು ಹೊರಡುತ್ತದೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಇದೇ ಕಥೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ 43 ಪ್ರಕರಣಗಳನ್ನು ಹಿಂಪಡೆಯಲು ಹೊರಡಿಸಿದ ಆದೇಶವನ್ನು 2025ರ ಮೇ ತಿಂಗಳಲ್ಲಿ ಹೈಕೋರ್ಟ್ ರದ್ದು ಮಾಡಿತು. ಆ ತೀರ್ಪು ಓದಿದ ದಿನ ನನಗೆ ನಿಜಕ್ಕೂ ಸಮಾಧಾನವಾಯಿತು.

ಟೈರಿಗೆ ಕಡ್ಡಿ ಗೀರಿದ ಹದಿನೆಂಟರ ಹುಡುಗನನ್ನು ಹತ್ತು ವರ್ಷ ಒಳಗೆ ಹಾಕಿ ಎಂದು ನಾನು ಕೇಳುತ್ತಿಲ್ಲ. ಪೆಟ್ರೋಲಿಗೆ ದುಡ್ಡು ಕೊಟ್ಟವರು ಯಾರು, ‘ಹಚ್ಚಿ’ ಎಂದವರು ಯಾರು ಎಂಬುದನ್ನು ಹುಡುಕಿ ಅವರನ್ನು ಮೊದಲು ಕಟಕಟೆಗೆ ತನ್ನಿ. ಹಾನಿಯ ಹಣವನ್ನು ತಪ್ಪಿತಸ್ಥರಿಂದಲೇ ವಸೂಲಿ ಮಾಡಲು ಕ್ಲೇಮ್ಸ್ ಕಮಿಷನರ್ ನೇಮಕವಾಗಬೇಕೆಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. 2020ರ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಗಲಭೆಯ ಬಳಿಕ ನಮ್ಮ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಅವರನ್ನು ಹಾಗೆ ನೇಮಿಸಿತ್ತು. ಪ್ರತಿ ಬಾರಿಯೂ ಹಾಗೇ ಆಗಲಿ. ಥರ್ಡ್ ಪಾರ್ಟಿ ವಿಮೆ ಮಾತ್ರ ಇರುವ ಆಟೊ ಚಾಲಕನ ಗಾಡಿ ಸುಟ್ಟರೆ ವಿಮೆಯಿಂದ ಅವನಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಸಾಲದ ಕಂತು ಮಾತ್ರ ಮುಂದಿನ ತಿಂಗಳೂ ಕಟ್ಟಬೇಕು.

ಮುಂದಿನ ಪ್ರತಿಭಟನೆಗೂ ನಾನು ಹೋಗುತ್ತೇನೆ. ಅಲ್ಲಿ ಯಾರಾದರೂ ಟೈರ್ ಉರುಳಿಸಿಕೊಂಡು ಬಂದರೆ ಅಡ್ಡ ನಿಲ್ಲುತ್ತೇನೆ. ನೀವೂ ನಿಲ್ಲಿ.