ಮೂರೇ ಕಾರಣ, ನಾಲ್ಕನೆಯದಕ್ಕೆ ಜಾಗವಿಲ್ಲ

ಲೋಕದಲ್ಲಿ ನಡೆಯುವ ಯಾವುದಕ್ಕೇ ಆಗಲಿ, ಸರಿಯಾಗಿ ಮೂರು ಕಾರಣಗಳಿರುತ್ತವೆ. ಇದನ್ನು ಕಂಡುಹಿಡಿದದ್ದು ತರ್ಕಶಾಸ್ತ್ರವಲ್ಲ, ವಿಜ್ಞಾನವೂ ಅಲ್ಲ. ಇಂಗ್ಲಿಷ್ ಕಲಿಯುವವರಿಗೆ 'ಕಾಸ್ ಅಂಡ್ ಎಫೆಕ್ಟ್' (ಕಾರಣ-ಪರಿಣಾಮ) ಪ್ರಬಂಧ ಹೇಳಿಕೊಡುವ ತರಗತಿ. ಲೆಕ್ಕ ಸುಲಭ. ಪ್ರಬಂಧಕ್ಕೆ ಐದು ಪ್ಯಾರಾ, ಪೀಠಿಕೆಗೊಂದು, ಉಪಸಂಹಾರಕ್ಕೊಂದು ಹೋದರೆ ಉಳಿದದ್ದು ಮೂರು. ಹಾಗಾಗಿ ಯುದ್ಧಕ್ಕೆ ಮೂರು ಕಾರಣ, ಬೊಜ್ಜಿಗೆ ಮೂರು, ಮಕ್ಕಳು ಮೊಬೈಲ್ ಬಿಡದಿರುವುದಕ್ಕೂ ಮೂರು. ನಾಲ್ಕನೆಯ ಕಾರಣ ಬಂದು ಬಾಗಿಲು ತಟ್ಟಿದರೆ ಪ್ಯಾರಾ ಖಾಲಿಯಿಲ್ಲವೆಂದು ಹೇಳಿ ಕಳಿಸಬೇಕು. ಎರಡೇ ಕಾರಣ ಹೊಳೆದವರ ಪಾಡು ಇನ್ನೂ ಕಷ್ಟ. ಮೊದಲನೆಯದಕ್ಕೇ ಬೇರೆ ಅಂಗಿ ತೊಡಿಸಿ ಮೂರನೆಯದಾಗಿ ನಿಲ್ಲಿಸಬೇಕಾಗುತ್ತದೆ. 'ಜನ ವ್ಯಾಯಾಮ ಮಾಡುವುದಿಲ್ಲ' ಎಂಬುದು ಎರಡು ಪ್ಯಾರಾ ಆದಮೇಲೆ 'ದೈಹಿಕ ಚಟುವಟಿಕೆಯ ಅಭಾವ' ಎಂಬ ಹೆಸರಿನಲ್ಲಿ ಮರುಜನ್ಮ ಪಡೆಯುವುದು ಹೀಗೆ.

ಅಚ್ಚು ಸಿದ್ಧವಾದ ಮೇಲೆ ಅಂಟು ಬೇಕು. ಅದಕ್ಕೊಂದು ಹಾಳೆ ಹಂಚುತ್ತಾರೆ. ಬಿಕಾಸ್, ಬಿಕಾಸ್ ಆಫ್, ಡ್ಯೂ ಟು, ಸಿನ್ಸ್, ದೇರ್‌ಫೋರ್, ಹೆನ್ಸ್, ಕಾನ್ಸಿಕ್ವೆಂಟ್ಲಿ, ಆಸ್ ಎ ರಿಸಲ್ಟ್ ಎಲ್ಲವೂ ಒಂದೇ ಪಟ್ಟಿಯಲ್ಲಿ, ನಡುವೆ ಸಮಚಿಹ್ನೆ ಇಟ್ಟಂತೆ ಕೂತಿರುತ್ತವೆ. 'ಬಿಕಾಸ್' ಆದಮೇಲೆ ಕರ್ತೃ, ಕ್ರಿಯಾಪದ ಎರಡೂ ಇರುವ ವಾಕ್ಯ ಬರಬೇಕು. 'ಡ್ಯೂ ಟು', 'ಬಿಕಾಸ್ ಆಫ್' ಆದಮೇಲೆ ಬರಿಯ ನಾಮಪದ ಸಾಕು. 'ದೇರ್‌ಫೋರ್' ಹಿಂದೆ ಅಲ್ಪವಿರಾಮ ಇಟ್ಟು ಎರಡು ವಾಕ್ಯ ಹೊಲಿಯುವಂತಿಲ್ಲ, ಪೂರ್ಣವಿರಾಮವೋ ಅರ್ಧವಿರಾಮವೋ ಬೇಕು. ಹಾಳೆಗೆ ಈ ರಗಳೆಗಳು ಬೇಡ. ಆದ್ದರಿಂದಲೇ 'ಡ್ಯೂ ಟು ಇಟ್ ರೇನ್ಡ್' ಹುಟ್ಟುತ್ತದೆ. 'ರಿಸಲ್ಟ್ ಇನ್', 'ರಿಸಲ್ಟ್ ಫ್ರಮ್' ಎಂಬ ಅವಳಿಗಳ ಕೈಚಳಕವಂತೂ ಇನ್ನೂ ದೊಡ್ಡದು. ಎರಡಕ್ಷರದ ಪದವೊಂದು ಅದಲುಬದಲಾದರೆ ಪ್ರವಾಹ ಬಂದದ್ದರಿಂದ ಮಳೆ ಸುರಿಯುತ್ತದೆ, ಜ್ವರ ಬಂದದ್ದರಿಂದ ಸೊಳ್ಳೆ ಕಚ್ಚುತ್ತದೆ. ತಿದ್ದುವವರು ಇದನ್ನು 'ಪ್ರಿಪೊಸಿಷನ್ ತಪ್ಪು' ಎಂದು ಅರ್ಧ ಅಂಕ ಕಳೆದು ಮುಂದೆ ಹೋಗುತ್ತಾರೆ. ಕಾಲವೇ ಹಿಮ್ಮುಖವಾಗಿ ಹರಿದದ್ದಕ್ಕೆ ಅರ್ಧ ಅಂಕ!

'ಕಾಸ್' ಎಂಬ ಕ್ರಿಯಾಪದದ ಸಹವಾಸದೋಷವೂ ಹಾಳೆಯಲ್ಲಿಲ್ಲ. ಇಂಗ್ಲಿಷಿನಲ್ಲಿ ಅದು ಬಹುಪಾಲು ಕೇಡಿನ ಜೊತೆಗೇ ಓಡಾಡುತ್ತದೆ: ಹಾನಿ, ತೊಂದರೆ, ಅಪಘಾತ, ಸಾವು. ಭಾಷಾವಿಜ್ಞಾನಿ ಮೈಕೆಲ್ ಸ್ಟಬ್ಸ್ 1995ರಲ್ಲೇ ದೊಡ್ಡ ಪಠ್ಯಸಂಗ್ರಹ ಜಾಲಾಡಿ ಇದನ್ನು ತೋರಿಸಿದ್ದಾರೆ. ಇದು ಗೊತ್ತಿಲ್ಲದ ವಿದ್ಯಾರ್ಥಿ ಭಕ್ತಿಯಿಂದ 'ಮೈ ಮದರ್ ಕಾಸ್ಡ್ ಮೈ ಸಕ್ಸೆಸ್' ಎಂದು ಬರೆಯುತ್ತಾನೆ. ವ್ಯಾಕರಣ ಸರಿಯಿದೆ, ತಾಯಿ ಮಾತ್ರ ಕಟಕಟೆಯಲ್ಲಿ ನಿಂತಿದ್ದಾಳೆ. 'ಲೆಡ್ ಟು', 'ಹೆಲ್ಪ್ಡ್' ಎಂದಿದ್ದರೆ ಜಾಮೀನಾದರೂ ಸಿಗುತ್ತಿತ್ತು. ಇದನ್ನು ಹೇಳಿಕೊಡಲು ಸಮಯವೆಲ್ಲಿ? ಇಡೀ ಪೀರಿಯಡ್ 'ಅಫೆಕ್ಟ್'ಗೆ 'ಎ', 'ಎಫೆಕ್ಟ್'ಗೆ 'ಇ' ಎಂದು ಬಾಯಿಪಾಠ ಮಾಡಿಸುವುದರಲ್ಲಿ ಮುಗಿದಿರುತ್ತದೆ.

ಕನ್ನಡದ ಹುಡುಗಿಗೆ ನಿಜವಾಗಿ ಎಲ್ಲಿ ಎಡವುತ್ತದೆ ಎಂದು ನೋಡುವವರು ಕಡಿಮೆ. 'ಮಳೆ ಬಂದು ಕೆರೆ ತುಂಬಿತು' ಎನ್ನುವಾಗ ಕಾರಣ 'ಬಂದು'ವಿನ ಮಡಿಲಲ್ಲೇ ಕೂತಿದೆ. 'ಸ್ನಾನ ಮಾಡಿ ಊಟ ಮಾಡಿದಳು' ಎನ್ನುವಾಗಲೂ ರೂಪ ಅದೇ, ಆದರೆ ಸ್ನಾನ ಊಟಕ್ಕೆ ಕಾರಣವಲ್ಲ, ಮುಂಚೆ ನಡೆದದ್ದು ಅಷ್ಟೆ. ಕೇಳುವವರು ಲೋಕಜ್ಞಾನದಿಂದ ಅರ್ಥಮಾಡಿಕೊಳ್ಳುತ್ತಾರೆ. ಇಂಗ್ಲಿಷಿಗೆ ದಾಟಿಸುವಾಗ ಅವಳೇ ತೀರ್ಮಾನಿಸಬೇಕು: ಇದು 'ಅಂಡ್ ದೆನ್'ಓ, 'ಬಿಕಾಸ್'ಓ? ಪಾಠದ ತಿರುಳೆಲ್ಲ ಈ ಒಂದು ತೀರ್ಮಾನದಲ್ಲಿದೆ. ಅವಳು ಆ ತೀರ್ಮಾನ ಮಾಡದೆ, ಎರಡೂ ಕಡೆಗೊಂದೊಂದು ಬೀಗ ಇರಲಿ ಎಂದು ಮೊದಲಿಗೆ 'ಬಿಕಾಸ್', ನಡುವೆ 'ಸೋ' ಹಾಕುತ್ತಾಳೆ. ತಿದ್ದುವವರು 'ಸೋ' ಹೊಡೆದುಹಾಕುತ್ತಾರೆ. ಅಲ್ಲಿ ಕಾರಣವೇ ಇಲ್ಲ ಎಂಬುದು ಇಬ್ಬರ ಗಮನಕ್ಕೂ ಬರುವುದಿಲ್ಲ.

ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಗಂಟು ಹಾಕಬೇಡ ಎಂದು ಕಾಕತಾಳೀಯ ನ್ಯಾಯ ನಮಗೆ ಹೇಳಿ ಎಷ್ಟೋ ಕಾಲವಾಯಿತು. ನಮ್ಮ ಹಳೆಯ ತರ್ಕಪರಂಪರೆಯಾದ ನ್ಯಾಯದರ್ಶನದವರು ಇನ್ನೂ ಮುಂದೆ ಹೋಗಿ, ಕಾರಣದಂತೆ ಕಂಡರೂ ಕಾರಣವಲ್ಲದವನ್ನು 'ಅನ್ಯಥಾಸಿದ್ಧ' ಎಂದು ಕರೆದು ಐದು ಬಗೆ ಮಾಡಿಟ್ಟರು. ಮಡಕೆಗೆ ಕುಂಬಾರ ಕಾರಣ, ಚಕ್ರ ಕಾರಣ, ಅದನ್ನು ತಿರುಗಿಸುವ ಕೋಲೂ ಕಾರಣ. ಆ ಕೋಲಿನ ಬಣ್ಣ ಕಾರಣವಲ್ಲ, ಕುಂಬಾರನ ಅಪ್ಪ ಕಾರಣವಲ್ಲ, ಮಣ್ಣು ಹೊತ್ತು ತಂದ ಕತ್ತೆಯೂ ಅಲ್ಲ, ಏಕೆಂದರೆ ಕತ್ತೆಯಿಲ್ಲದೆಯೂ ಮಣ್ಣು ಬರಬಹುದು. ಮಾದರಿ ಪ್ರಬಂಧಗಳನ್ನು ತೆರೆದು ನೋಡಿ: ಎರಡನೆಯ ಪ್ಯಾರಾದಲ್ಲಿ ಕುಂಬಾರನ ಅಪ್ಪ, ಮೂರನೆಯದರಲ್ಲಿ ಕೋಲಿನ ಬಣ್ಣ.

ಮದ್ದು ಇಲ್ಲವೆಂದಲ್ಲ. ಸಂಯೋಜಕ ಪದಗಳ ಹಾಳೆ ಮುಟ್ಟುವ ಮೊದಲು ಪ್ರತಿ ಕಾರಣಕ್ಕೂ ನಾಲ್ಕು ಪ್ರಶ್ನೆ ಹಾಕಿಸಬಹುದು. ಇದು ಇಲ್ಲದಿದ್ದರೂ ಅದು ಆಗುತ್ತಿತ್ತೇ? ಇದಿದ್ದೂ ಅದಾಗದ ಕಡೆ ಇದೆಯೇ? ಇದು ನಿಜಕ್ಕೂ ಮೊದಲು ಬಂದದ್ದೇ? ಎರಡರ ಬೆನ್ನಿಗೂ ಮೂರನೆಯದೊಂದು ನಿಂತಿದೆಯೇ? ಆದರೆ ಹೀಗೆ ಮಾಡಿಸಿದರೆ ಅನಾಹುತ. ಮೂರು ಕಾರಣದಲ್ಲಿ ಎರಡು ಉದುರಿಹೋಗಿ, ವಿದ್ಯಾರ್ಥಿ ಒಂದೇ ಕಾರಣವನ್ನು ಎರಡು ಪ್ಯಾರಾ ಬಗೆದು ಬರೆಯಲು ಕೂರುತ್ತಾನೆ. ಜೊತೆಗೆ 'ಮೇ', 'ಟೆಂಡ್ಸ್ ಟು', 'ಕಾಂಟ್ರಿಬ್ಯೂಟ್ಸ್ ಟು' ಎಂದು ಅಳೆದು ತೂಗಿ ಹೇಳತೊಡಗುತ್ತಾನೆ. ಅಂಚಿನಲ್ಲಿ ಕೆಂಪು ಶಾಯಿ ಬೀಳುತ್ತದೆ: 'ಆತ್ಮವಿಶ್ವಾಸ ಸಾಲದು.'

ಪ್ರಬಂಧ ಕಟ್ಟುವುದಕ್ಕೂ ಪದ್ಧತಿಗಳಿವೆ. ಕಾರಣಗಳನ್ನೆಲ್ಲ ಒಂದು ಕಡೆ, ಪರಿಣಾಮಗಳನ್ನೆಲ್ಲ ಇನ್ನೊಂದು ಕಡೆ ಪೇರಿಸುವುದು 'ಬ್ಲಾಕ್' ಪದ್ಧತಿ. ಒಂದರ ಪರಿಣಾಮವೇ ಮುಂದಿನದರ ಕಾರಣವಾಗುವುದು 'ಚೈನ್'. ಸರಪಳಿಯ ಒಂದೊಂದು ಕೊಂಡಿಯನ್ನೂ ಎಳೆದು ನೋಡಬೇಕು. ಎಳೆಯದೆ ಬಿಟ್ಟರೆ ಮೊಬೈಲಿನಿಂದ ನಿದ್ದೆಗೆಟ್ಟು, ಅಂಕ ಇಳಿದು, ಕೆಲಸ ತಪ್ಪಿ, ಐದನೆಯ 'ಆಸ್ ಎ ರಿಸಲ್ಟ್' ಹೊತ್ತಿಗೆ ರಾಷ್ಟ್ರದ ಅರ್ಥವ್ಯವಸ್ಥೆ ಕುಸಿದಿರುತ್ತದೆ.

ಇಂಗ್ಲಿಷಿನ ಯೋಚನೆ ಬಾಣದಂತೆ ನೇರ, ಪೂರ್ವದವರದು ಸುರುಳಿ ಎಂದು 1966ರಲ್ಲಿ ಭಾಷಾವಿಜ್ಞಾನಿ ರಾಬರ್ಟ್ ಕಪ್ಲಾನ್ ಗೆರೆ ಎಳೆದು ತೋರಿಸಿದ್ದರು. ಮುಂದೆ ಅವರೇ ಆ ಮಾತನ್ನು ಸಡಿಲಿಸಿಕೊಂಡರು. ತರಗತಿಗಳಿಗೆ ಬಾಣದ ಸುದ್ದಿ ಮುಟ್ಟಿತು, ಸಡಿಲಿಸಿದ್ದು ಮುಟ್ಟಲಿಲ್ಲ.

ಇದೆಲ್ಲ ಪರೀಕ್ಷೆ ಕೇಳುವುದರಿಂದ ಆಗುತ್ತಿದೆ ಎನ್ನುತ್ತಾರೆ. ಇದೂ ಒಂದು ಕಾರಣ ತಾನೇ, ಎಳೆದು ನೋಡೋಣ. ಹೊರದೇಶಕ್ಕೆ ಹೋಗುವವರ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ಎರಡನೆಯ ಬರವಣಿಗೆಗೆ ಸುಮಾರು 40 ನಿಮಿಷ, ಕನಿಷ್ಠ 250 ಪದ. ಅಂಕ ಕೊಡಲು ಸಮತೂಕದ ನಾಲ್ಕು ಮಾನದಂಡ. ಅವುಗಳಲ್ಲೊಂದು ಸುಸಂಬದ್ಧತೆ. ಸಂಯೋಜಕ ಪದಗಳ ಅತಿಬಳಕೆಯನ್ನು ಅವರ ಪಟ್ಟಿ 5ನೆಯ ಬ್ಯಾಂಡಿನ, ಅಂದರೆ ನಡುಮಟ್ಟದ ಅಂಕದ, ಲಕ್ಷಣವೆಂದು ಎಣಿಸುತ್ತದೆ. ಎಲ್ಲಕ್ಕಿಂತ ಮೇಲಿನ 9ನೆಯ ಬ್ಯಾಂಡಿನಲ್ಲಿ ಜೋಡಣೆ ಕಣ್ಣಿಗೆ ಬೀಳುವುದೇ ಅಪರೂಪವಾಗಿರಬೇಕು. ಅಂದರೆ ಪರೀಕ್ಷಕರು ಹೊಲಿಗೆ ಕಾಣಬಾರದು ಎನ್ನುತ್ತಾರೆ, ಹಾಳೆ ಹಂಚುವವರು ವಾಕ್ಯಕ್ಕೊಂದು ಬಣ್ಣದ ದಾರ ಕೊಟ್ಟು ಕಳಿಸುತ್ತಾರೆ.

ಯಂತ್ರಗಳ ಕೈಗೆ ಅಂಕ ಕೊಡುವ ಕೆಲಸ ಹೋದಲ್ಲಿ ಮಾತ್ರ ಹಾಳೆಯದೇ ಗೆಲುವು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್ಮನ್ 2014ರಲ್ಲಿ ವಿದ್ಯಾರ್ಥಿಗಳ ಜೊತೆ ಸೇರಿ 'ಬೇಬೆಲ್' ಎಂಬ ತಂತ್ರಾಂಶ ಕಟ್ಟಿದರು. ಹೆಚ್ಚೆಂದರೆ ಮೂರು ಪದ (ಇಲ್ಲೂ ಮೂರೇ!) ಹಾಕಿದರೆ ಸಾಕು, ತಲೆಬುಡವಿಲ್ಲದ ಉದ್ದನೆಯ ಪ್ರಬಂಧ ಹೊರಬರುತ್ತಿತ್ತು. ಅಂಕ ಕೊಡುವ ಯಂತ್ರಗಳು ಅದಕ್ಕೆ ಮೇಲ್ದರ್ಜೆಯ ಅಂಕ ಕೊಟ್ಟವು. ಬರೆದದ್ದೂ ಯಂತ್ರ, ಓದಿದ್ದೂ ಯಂತ್ರ, ನಡುವೆ ಅರ್ಥವೊಂದು ಅಡ್ಡಬರಲಿಲ್ಲ.

ಹಾಗಾಗಿ ಪ್ರಶ್ನೆಪತ್ರಿಕೆಯಲ್ಲಿ 'ಮಡಕೆಗೆ ಕಾರಣಗಳೇನು?' ಎಂದು ಬಂದರೆ ವಿದ್ಯಾರ್ಥಿ ಹೆದರಬೇಕಿಲ್ಲ. ಮೊದಲ ಪ್ಯಾರಾದಲ್ಲಿ ಕುಂಬಾರ, ಎರಡನೆಯದರಲ್ಲಿ ಚಕ್ರ, ಮೂರನೆಯದರಲ್ಲಿ ಕತ್ತೆ. ಕುಂಬಾರನ ಪ್ಯಾರಾದಲ್ಲಿ ಸಂಯೋಜಕ ಪದ ಒಂದೇ ಇದೆ ಎಂದು ಅಂಕ ಕಡಿತ. ಕತ್ತೆಯ ಪ್ಯಾರಾದಲ್ಲಿ 'ಫರ್ದರ್‌ಮೋರ್', 'ಕಾನ್ಸಿಕ್ವೆಂಟ್ಲಿ', 'ಹೆನ್ಸ್' ಮೂರೂ ಇದ್ದವು. ಅದಕ್ಕೆ ಪೂರ್ತಿ.